ಹೊರಗೆ ಬೀಗ ನೇತಾಡದ ಬಾಗಿಲು: ಆದೋನಿ ಕಡೆಯ ಮರದ ಬಾಗಿಲಿಗೆ ಡೆಡ್‌ಬೋಲ್ಟ್ ಕೂರಿಸುವುದು ಹೇಗೆ?

ಕರ್ನೂಲು ಜಿಲ್ಲೆಯ ಪಶ್ಚಿಮದ ಮಂಡಲಗಳಾದ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ ಕಡೆ ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಇಲ್ಲವೇ ಮಳೆ ಕೈಕೊಟ್ಟು ಬೆಳೆ ಒಣಗಿದ ಮೇಲೆ, ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ಜನ ಇದನ್ನು 'ಸುಗ್ಗಿಗೆ ಹೋಗುವುದು' ಎನ್ನುತ್ತಾರೆ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ತೆಲಂಗಾಣದಲ್ಲಿ ಹತ್ತಿ ಬಿಡಿಸಲು, ಬೆಂಗಳೂರು, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಗಂಡ, ಹೆಂಡತಿ, ಮಕ್ಕಳು ಎಲ್ಲ ಸೇರಿ ಹೊರಡುತ್ತಾರೆ. ವಾಪಸ್ ಬರುವುದು ಎರಡು ತಿಂಗಳಿಗೋ, ಮೂರು ತಿಂಗಳಿಗೋ, ಹೇಳಲಾಗದು. ಅಷ್ಟು ದಿನ ಮನೆಗೆ ಕಾವಲು ಎಂದರೆ ಬಾಗಿಲಿನ ಕೊಂಡಿಗೆ ಸಿಕ್ಕಿಸಿದ ಒಂದು ಬೀಗ.

ಆ ಬೀಗದ ದೊಡ್ಡ ದೋಷ ಅದು ದುರ್ಬಲ ಎನ್ನುವುದಲ್ಲ. ಒಳ್ಳೆಯ ಕಂಪೆನಿಯ ಬೀಗ ಸುಲಭಕ್ಕೆ ಒಡೆಯುವುದೂ ಇಲ್ಲ. ದೋಷ ಏನೆಂದರೆ, ಅದು ಹೊರಗೆ ನೇತಾಡುತ್ತದೆ. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನಿಗೂ 'ಈ ಮನೆಯಲ್ಲಿ ಯಾರೂ ಇಲ್ಲ' ಎಂದು ಹೇಳುತ್ತಾ ಇರುತ್ತದೆ. ಒಂದು ವಾರ ಅದೇ ಬೀಗ ಅಲುಗಾಡದೆ, ಮೇಲೆ ಧೂಳು ಕೂತು ನೇತಾಡಿದರೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕಳ್ಳ ಬೀಗಕ್ಕೆ ಕೈ ಹಾಕಬೇಕೆಂದೂ ಇಲ್ಲ. ಬೀಗ ಸಿಕ್ಕಿಸಿದ ಕೊಂಡಿಯನ್ನೋ ಆಲ್‌ಡ್ರಾಪನ್ನೋ ಮರಕ್ಕೆ ಹಿಡಿದಿರುವುದು ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ. ಕಬ್ಬಿಣದ ಸಲಾಕೆ ಸಿಕ್ಕಿಸಿ ಒಮ್ಮೆ ಎತ್ತಿದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಬೀಗ ಮಾತ್ರ ಹಾಕಿದ ಹಾಗೇ ಇರುತ್ತದೆ!

ಕರಾವಳಿಯವರಿಗೆ ಇದು ದೂರದ ಮಾತಲ್ಲ. ಗಲ್ಫ್‌ಗೆ ಹೋದ ಕುಟುಂಬದ ಮನೆ, ಉಮ್ರಾಕ್ಕೆ ಹೋದವರ ಮನೆ, ಮದುವೆಗೆಂದು ಎರಡು ದಿನ ಖಾಲಿಯಾದ ಮನೆ, ಎಲ್ಲ ಕಡೆ ಅದೇ ಕತೆ. ಕೋಸಿಗಿಯ ಕೂಲಿಯವನ ಮನೆಯಲ್ಲಿ ಹೋಗುವುದು ಅರ್ಧ ತೊಲ ಬಂಗಾರ, ಬಿತ್ತನೆಗೆ ತೆಗೆದಿಟ್ಟ ಕಡಲೆಕಾಯಿ ಚೀಲ, ಹಿತ್ತಾಳೆ ಕೊಡ. ಅವನ ಮಟ್ಟಿಗೆ ಅದು ಇಡೀ ವರ್ಷದ ದುಡಿಮೆ.

ಈ ಬೀಗಕ್ಕೆ ಬದಲಾಗಿ ಬಾಗಿಲಿನ ಮರದೊಳಗೇ ಕೂರುವ ಡೆಡ್‌ಬೋಲ್ಟ್ ಲಾಕ್ ಈಗ ಸಣ್ಣ ಪೇಟೆಗಳ ಹಾರ್ಡ್‌ವೇರ್ ಅಂಗಡಿಗಳಿಗೂ ಬಂದಿದೆ. ಹೊರಗಿನಿಂದ ನೋಡಿದರೆ ಒಂದು ದುಂಡಗಿನ ಬಿಲ್ಲೆ, ಅದರಲ್ಲಿ ಕೀಲಿಕೈ ತೂರುವ ಸೀಳು, ಅಷ್ಟೇ. ಒಳಗೆ ಜನ ಇದ್ದರೂ ಅದೇ ರೂಪ, ಇಲ್ಲದಿದ್ದರೂ ಅದೇ ರೂಪ. ಆದರೆ ಇದನ್ನು ಕೊಂಡು ತಂದು ಬಾಗಿಲಿಗೆ ತೂತು ಹೊಡೆದ ಕೂಡಲೇ ಮನೆ ಭದ್ರವಾಯಿತು ಎಂದುಕೊಂಡರೆ ತಪ್ಪು. ಡೆಡ್‌ಬೋಲ್ಟಿನ ಬಲ ಇರುವುದು ಬೀಗದಲ್ಲಿ ಅಲ್ಲ, ಅದರ ನಾಲಗೆ ಹೋಗಿ ಕೂರುವ ಚೌಕಟ್ಟಿನಲ್ಲಿ. ಹೆಚ್ಚಿನವರು ದುಡ್ಡು ಹಾಕುವುದು ಬೀಗಕ್ಕೆ, ನೋಡದೆ ಬಿಡುವುದು ಚೌಕಟ್ಟನ್ನು.

'ಡೆಡ್' ಯಾಕೆ?

ಮಾಮೂಲಿ ಹ್ಯಾಂಡಲ್ ಲಾಕಿನ ನಾಲಗೆಗೆ ಹಿಂದೆ ಸ್ಪ್ರಿಂಗ್ ಇರುತ್ತದೆ. ಬಾಗಿಲು ತಳ್ಳಿದರೆ ತಾನೇ ಒಳಗೆ ಹೋಗಿ ಟಕ್ ಎಂದು ಹೊರಗೆ ಬರುತ್ತದೆ. ತುದಿ ಓರೆಯಾಗಿ ಇರುವುದೂ ಅದಕ್ಕೇ. ಹಾಗೆ ತಾನೇ ಒಳಗೆ ಹೋಗುವ ನಾಲಗೆಯನ್ನು ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಕಾರ್ಡ್ ತೂರಿಸಿಯೂ ಒಳಗೆ ತಳ್ಳಬಹುದು. ಡೆಡ್‌ಬೋಲ್ಟಿನ ನಾಲಗೆಗೆ ಸ್ಪ್ರಿಂಗ್ ಇಲ್ಲ, ತುದಿ ಚೌಕ. ಕೀಲಿಕೈಯೋ ಒಳಗಿನ ತಿರುಗಣೆಯೋ ತಿರುಗಿಸಿದರೆ ಮಾತ್ರ ಚಲಿಸುತ್ತದೆ. ತುದಿಯನ್ನು ಎಷ್ಟು ಒತ್ತಿದರೂ ಸತ್ತ ಹಾಗೆ ಅಲುಗದೆ ಕೂರುತ್ತದೆ. ಹೆಸರಿನ ಗುಟ್ಟು ಇಷ್ಟೇ.

ನಮ್ಮ ಅಜ್ಜಂದಿರ ಕಾಲದ ಅಗುಳಿ ಕೂಡ ಇದೇ ಜಾತಿ. ಕೋಟೆ ಬಾಗಿಲುಗಳ ಹಿಂದೆ ಗೋಡೆಯಿಂದ ಗೋಡೆಗೆ ಜಾರಿಸುತ್ತಿದ್ದ ಅಡ್ಡತೊಲೆಯೂ ಇದೇ ಜಾತಿ. ಕೊರತೆ ಒಂದೇ, ಅಗುಳಿಯನ್ನು ಒಳಗಿನಿಂದ ಮಾತ್ರ ಹಾಕಬಹುದಿತ್ತು. ಹೊರಗಿನಿಂದಲೂ ಒಂದು ಸಣ್ಣ ಚಪ್ಪಟೆ ಕೀಲಿಕೈಯಿಂದ ಹಾಕುವ ಹಾಗೆ ಮಾಡಿದ್ದು ಪಿನ್ ಟಂಬ್ಲರ್ ಸಿಲಿಂಡರ್. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸಿಲಿಂಡರಿನೊಳಗೆ ಐದಾರು ಜೋಡಿ ಸಣ್ಣ ಪಿನ್ನುಗಳು ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತವೆ. ಸರಿಯಾದ ಕೀಲಿಕೈಯ ಏರುತಗ್ಗು ಪ್ರತಿ ಜೋಡಿಯನ್ನೂ ಒಂದೇ ಗೆರೆಗೆ ಎತ್ತಿ ನಿಲ್ಲಿಸಿದಾಗ ಮಾತ್ರ ಒಳಗಿನ ಉರುಳೆ ತಿರುಗುತ್ತದೆ. ಒಂದು ಪಿನ್ ಹೆಚ್ಚು ಕಮ್ಮಿ ಆದರೂ ತಿರುಗುವುದಿಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಡೆಡ್‌ಬೋಲ್ಟ್ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ.

ಮೊದಲು ಬಾಗಿಲು ನೋಡಿ, ಆಮೇಲೆ ಅಂಗಡಿಗೆ ಹೋಗಿ

ಕರಾವಳಿಯ ಓದುಗರಿಗೆ ಆದೋನಿ ಎಂದರೆ ಹತ್ತಿ ಮಾರುಕಟ್ಟೆ, ಇಲ್ಲವೇ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವ ತನಕ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬಾಯಲ್ಲಿ ಓಡಾಡುತ್ತವೆ. ಮಂಗಳೂರಿನವರು 'ದಾರಂದ' ಎನ್ನುವುದನ್ನು ಇಲ್ಲಿಯ ಬಡಗಿ 'ದ್ವಾರಬಂಧಂ' ಎನ್ನುತ್ತಾನೆ. ಕೇಳಿದ ಕೂಡಲೇ ಎರಡೂ ಒಂದೇ ಎಂದು ಗೊತ್ತಾಗ್ತದೆ. ಚಿಲಕಕ್ಕೆ ಇಲ್ಲಿ 'ಗಡಿಯ' ಎಂದರೂ ನಡೆಯುತ್ತದೆ.

ಬಾಗಿಲುಗಳಲ್ಲಿ ಮಾತ್ರ ವ್ಯತ್ಯಾಸ ಇದೆ. ಹಳೆಯ ಕಲ್ಲು ಮಣ್ಣಿನ ಮಾಳಿಗೆ ಮನೆಗಳಿಗೆ ಸಾಮಾನ್ಯವಾಗಿ ಎರಡು ಕದದ ಬಾಗಿಲು. ಅನುಕೂಲ ಇದ್ದವರು ತೇಗ ಹಾಕಿಸಿದ್ದಾರೆ, ಇಲ್ಲದವರು ಬೇವು. ಹೊಸ ಸಿಮೆಂಟ್ ಮನೆಗಳಿಗೆ ಒಂದೇ ಕದದ ಬಾಗಿಲು, ಅದರಲ್ಲೂ ಈಚೆಗೆ ಅಂಗಡಿಯಿಂದ ರೆಡಿಮೇಡ್ ತರುವ ಫ್ಲಶ್ ಡೋರ್. ಈ ಮೂರಕ್ಕೂ ಒಂದೇ ಥರ ಲಾಕ್ ಕೂರುವುದಿಲ್ಲ.

ಮೊದಲು ಚೌಕಟ್ಟು. ಬಾಗಿಲು ತೆರೆದಿಟ್ಟು ಚೌಕಟ್ಟಿನ ಮೇಲೆ, ನಾಲಗೆ ಹೋಗುವ ಎತ್ತರದಲ್ಲಿ, ಬೆರಳ ಗೆಣ್ಣಿನಿಂದ ಬಡಿದು ಕೇಳಬೇಕು. ಗಟ್ಟಿ ಶಬ್ದ ಬಂದರೆ ಸರಿ. ಟೊಳ್ಳು ಶಬ್ದ ಬಂದರೆ ಸ್ಕ್ರೂ ಡ್ರೈವರ್ ತುದಿ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದರ್ಥ. ಬಣ್ಣದ ಪದರ ಮಾತ್ರ ಉಳಿದು ಒಳಗೆಲ್ಲ ಮಣ್ಣಾದ ಚೌಕಟ್ಟಿಗೆ ಎಷ್ಟು ಸಾವಿರದ ಲಾಕ್ ಹಾಕಿದರೂ ಒಂದು ಒದೆಗೆ ನಾಲಗೆಯ ಮುಂದಿನ ಮರ ಚೂರಾಗಿ ಹೋಗುತ್ತದೆ. ಮೊದಲು ಆ ಭಾಗ ಕತ್ತರಿಸಿ ಹೊಸ ಮರ ಕೂರಿಸುವ ಕೆಲಸ ಆಗಬೇಕು.

ಎರಡನೆಯದು, ಚೌಕಟ್ಟು ಗೋಡೆಗೆ ಎಷ್ಟು ಬಿಗಿಯಾಗಿದೆ ಎನ್ನುವುದು. ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡಿದರೆ ಸಾಕು. ಮಣ್ಣಿನ ಗಾರೆಯ ಗೋಡೆಯಲ್ಲಿ ವರ್ಷ ಕಳೆದಂತೆ ಚೌಕಟ್ಟಿನ ಸುತ್ತ ಬಿರುಕು ಬಿಡುವುದು ಮಾಮೂಲು. ಹಾಗಿದ್ದರೆ ಚೌಕಟ್ಟಿನ ಮೂಲಕ ಗೋಡೆಯೊಳಗೆ ಹೋಗುವ ಉದ್ದನೆಯ ಬೋಲ್ಟ್ ಹಾಕಿಸಿ, ಸಂದಿಗೆ ಸಿಮೆಂಟ್ ತುಂಬಿಸಬೇಕು. ಇದು ಮೇಸ್ತ್ರಿಯ ಅರ್ಧ ದಿನದ ಕೆಲಸ. ಲಾಕಿಗಿಂತ ಮುಖ್ಯ ಇದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊಬೈಲಿನಲ್ಲಿ ನೋಡುವ ಅಮೆರಿಕದ ವಿಡಿಯೊಗಳಲ್ಲಿ 'ಮೂರು ಇಂಚಿನ ಸ್ಕ್ರೂ ಹಾಕಿ, ಅದೊಂದೇ ಮಂತ್ರ' ಎನ್ನುತ್ತಾರೆ. ಅವರ ಮನೆಗಳಲ್ಲಿ ಬಾಗಿಲ ಚೌಕಟ್ಟು ಮುಕ್ಕಾಲು ಇಂಚಿನ ತೆಳು ಹಲಗೆ, ಅದರ ಹಿಂದೆ ಗೋಡೆಯ ಮರದ ಕಂಬ ಇರುತ್ತದೆ. ಆ ಕಂಬದವರೆಗೆ ಹೋಗಲಿಕ್ಕೆ ಉದ್ದ ಸ್ಕ್ರೂ ಬೇಕು. ನಮ್ಮಲ್ಲಿ ಚೌಕಟ್ಟೇ ಮೂರು ನಾಲ್ಕು ಇಂಚಿನ ಗಟ್ಟಿ ಮರ, ಹಿಂದೆ ಕಲ್ಲೋ ಇಟ್ಟಿಗೆಯೋ. ಎರಡು ಇಂಚಿನ ಸ್ಕ್ರೂ ಪೂರ್ತಿ ಮರದಲ್ಲೇ ಕಚ್ಚಿ ಕೂರುತ್ತದೆ. ಮೂರಿಂಚಿನದ್ದನ್ನು ಹಳೆಯ ತೇಗಕ್ಕೆ ಬಲವಂತವಾಗಿ ತಿರುಗಿಸಿದರೆ ಮರ ಸೀಳಬಹುದು, ಇಲ್ಲವೇ ಸ್ಕ್ರೂ ಅರ್ಧದಲ್ಲಿ ಮುರಿಯಬಹುದು. ನಮ್ಮ ಕಡೆ ಚಿಂತೆ ಸ್ಕ್ರೂ ಉದ್ದದ್ದಲ್ಲ, ಚೌಕಟ್ಟು ಗೋಡೆಯಲ್ಲಿ ನಿಂತಿದೆಯಾ ಎನ್ನುವುದು.

ಬಾಗಿಲು ಒಳಕ್ಕೆ ತೆರೆಯುವುದಾದರೆ ಒಳ್ಳೆಯದು. ಚೌಕಟ್ಟಿನ ಅಂಚು ಹೊರಗಿನಿಂದ ಸಂದಿಯನ್ನು ಮುಚ್ಚುವುದರಿಂದ ಸಲಾಕೆ ತೂರಿಸಲು ಜಾಗ ಸಿಗುವುದಿಲ್ಲ. ಹೊರಕ್ಕೆ ತೆರೆಯುವ ಬಾಗಿಲಿನಲ್ಲಿ ಸಂದಿಯೂ ಹೊರಗೆ, ತಿರುಗಣೆಯ ಪಿನ್ನೂ ಹೊರಗೆ. ಪಿನ್ ಹೊಡೆದು ತೆಗೆದರೆ ಲಾಕ್ ಇರುವ ಕಡೆಗೆ ಬರುವ ಅಗತ್ಯವೇ ಇಲ್ಲ. ಅಂಥ ಬಾಗಿಲಿಗೆ ಪಿನ್ ಹೊರಬರದ ತಿರುಗಣೆ ಹಾಕಿಸದೆ ಡೆಡ್‌ಬೋಲ್ಟ್ ಹಾಕಿದರೆ ದುಡ್ಡು ದಂಡ.

ಅಳತೆಯ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ಬರೆದುಕೊಳ್ಳಬೇಕು. ಬಾಗಿಲಿನ ದಪ್ಪ ಒಂದು. ಹೆಚ್ಚಿನ ಡೆಡ್‌ಬೋಲ್ಟ್‌ಗಳು 35ರಿಂದ 45 ಮಿ.ಮೀ. ದಪ್ಪದ ಬಾಗಿಲಿಗೆಂದು ಮಾಡಿದವು. ಹಳೆಯ ತೇಗದ ಬಾಗಿಲು 50 ಮಿ.ಮೀ. ದಾಟಿದ್ದರೆ ಉದ್ದ ಸ್ಕ್ರೂ, ಉದ್ದ ಪಟ್ಟಿ ಇರುವ ಸೆಟ್ಟನ್ನೇ ಕೇಳಬೇಕು. ಇಲ್ಲದಿದ್ದರೆ ಮನೆಗೆ ತಂದ ಮೇಲೆ ಹೊರಗಿನ ಸಿಲಿಂಡರೂ ಒಳಗಿನ ತಿರುಗಣೆಯೂ ಒಂದನ್ನೊಂದು ಮುಟ್ಟುವುದೇ ಇಲ್ಲ.

ಇನ್ನೊಂದು 'ಬ್ಯಾಕ್‌ಸೆಟ್'. ಬಾಗಿಲಿನ ಅಂಚಿನಿಂದ ದೊಡ್ಡ ತೂತಿನ ನಡುಮಧ್ಯಕ್ಕೆ ಇರುವ ಅಂತರಕ್ಕೆ ಈ ಹೆಸರು. ಸಾಮಾನ್ಯವಾಗಿ 60 ಮಿ.ಮೀ. ಅಥವಾ 70 ಮಿ.ಮೀ. ಇರುತ್ತದೆ, ಕೆಲವು ಲಾಕ್‌ಗಳನ್ನು ಎರಡಕ್ಕೂ ಹೊಂದಿಸಬಹುದು. ಹಲಗೆ ಕೂರಿಸಿದ ಪ್ಯಾನೆಲ್ ಬಾಗಿಲಾದರೆ ಇಲ್ಲಿ ಎಚ್ಚರ ಬೇಕು. ಅಂಚಿನ ನಿಲುವು ಪಟ್ಟಿಯ ಅಗಲ ಎಷ್ಟೋ ಬಾಗಿಲುಗಳಲ್ಲಿ ನಾಲ್ಕು ಇಂಚು, ಅಂದರೆ ಸುಮಾರು 100 ಮಿ.ಮೀ. ದೊಡ್ಡ ತೂತು 54 ಮಿ.ಮೀ., ಅದರ ಅರ್ಧ 27. ಬ್ಯಾಕ್‌ಸೆಟ್ 70 ಇಟ್ಟರೆ ತೂತಿನ ಆಚೆ ಅಂಚು 97ಕ್ಕೆ ಬಂತು, ಉಳಿದದ್ದು 3 ಮಿ.ಮೀ. ಮರ. ಅದು ಇವತ್ತಲ್ಲ ನಾಳೆ ಸೀಳುತ್ತದೆ. 60 ಇಟ್ಟರೆ 87, ಉಳಿಯುವುದು 13 ಮಿ.ಮೀ. ಹಾಗಾಗಿ ಪ್ಯಾನೆಲ್ ಬಾಗಿಲಿಗೆ 60ರದ್ದೇ ತನ್ನಿ. ನಿಲುವು ಪಟ್ಟಿ ಮೂರು ಇಂಚೇ ಇದ್ದರೆ ಈ ಥರದ ಡೆಡ್‌ಬೋಲ್ಟಿನ ಆಸೆ ಬಿಟ್ಟು, ಒಳಮೈಗೆ ಸ್ಕ್ರೂನಿಂದ ಕೂರುವ ರಿಮ್ ಲಾಕ್ ಹಾಕಿಸುವುದು ಮೇಲು. ಅದರ ದೊಡ್ಡ ನಾಲಗೆಯೂ ಸ್ಪ್ರಿಂಗ್ ಇಲ್ಲದ್ದೇ ಇರಲಿ ಎಂದು ನೋಡಿ ಕೊಂಡರಾಯಿತು.

ಎರಡು ಕದದ ಬಾಗಿಲಿನ ಸಮಸ್ಯೆ ಬೇರೆ. ಇಲ್ಲಿ ನಾಲಗೆ ಹೋಗುವುದು ಚೌಕಟ್ಟಿಗಲ್ಲ, ಇನ್ನೊಂದು ಕದಕ್ಕೆ. ಆ ಇನ್ನೊಂದು ಕದ ಅಲುಗಿದರೆ ಲಾಕ್ ಇದ್ದೂ ಇಲ್ಲದ ಹಾಗೆ. ಅದಕ್ಕೆ ಮೇಲೊಂದು, ಕೆಳಗೊಂದು ಗಟ್ಟಿ ಟವರ್ ಬೋಲ್ಟ್ ಬೇಕು. ಮೇಲಿನದ್ದು ಚೌಕಟ್ಟಿನೊಳಕ್ಕೆ, ಕೆಳಗಿನದ್ದು ಹೊಸ್ತಿಲೊಳಕ್ಕೆ ಒಂದು ಇಂಚಾದರೂ ಇಳಿಯಬೇಕು. ಹೊಸ್ತಿಲಿನ ತೂತಿನಲ್ಲಿ ಕಸ ತುಂಬಿ ಬೋಲ್ಟ್ ಅರ್ಧಕ್ಕೇ ನಿಲ್ಲುವುದು ಎಲ್ಲರ ಮನೆಯ ಕತೆ, ಗುಡಿಸುವಾಗ ಒಮ್ಮೆ ಕೆದಕಿ ತೆಗೆಯಿರಿ. ಎರಡು ಕದ ಸೇರುವಲ್ಲಿ ಒಂದರ ಮೇಲೊಂದು ಕೂರುವ ಮೆಟ್ಟಿಲು ಕೊರೆದಿದ್ದರೆ ಅಂಚು ಚೌಕ ಇರುವುದಿಲ್ಲ. ಅದನ್ನು ಅನುಭವ ಇರುವ ಬಡಗಿಗೇ ಬಿಡುವುದು ಒಳ್ಳೆಯದು. ಕಲ್ಲಿನ ಚೌಕಟ್ಟಿಗೂ ಅಷ್ಟೇ, ಅಲ್ಲಿ ಮರದ ಸ್ಕ್ರೂ ಕೆಲಸಕ್ಕೆ ಬಾರದು.

ಫ್ಲಶ್ ಡೋರ್ ಆದರೆ ಒಳಗೆ ಗಟ್ಟಿ ಮರ ಇದೆಯೋ ಟೊಳ್ಳೋ ಎಂದು ಬಡಿದು ತಿಳಿಯಬೇಕು. ಕೆಲವದರಲ್ಲಿ ಲಾಕ್ ಕೂರುವ ಒಂದು ಕಡೆ ಮಾತ್ರ ಮರದ ತುಂಡು ಇಟ್ಟಿರುತ್ತಾರೆ. ತೂತು ಅಲ್ಲೇ ಬೀಳಬೇಕು.

ಕೊಳ್ಳುವಾಗ ನಾಲಗೆಯನ್ನು ಪೂರ್ತಿ ಹೊರಗೆ ತಂದು ಅಳೆಯಿರಿ. 25 ಮಿ.ಮೀ., ಅಂದರೆ ಒಂದು ಇಂಚು ಇರಬೇಕು. ಅರ್ಧ ಇಂಚಿನದ್ದು ಬೇಡ. ಪ್ಯಾಕೆಟ್ಟಿನ ಹೆಸರಿನ ಅಕ್ಷರ ಒಂದು ಆಚೀಚೆ ಮಾಡಿದ ಡೂಪ್ಲಿಕೇಟ್ ಮಾಲು ಎಲ್ಲ ಪೇಟೆಯಲ್ಲೂ ಇದೆ, ಬಿಲ್ ಕೊಡದ ಅಂಗಡಿಯಲ್ಲಿ ಸಿಗುವುದೂ ಹೆಚ್ಚಾಗಿ ಅದೇ. ನೂರು ಇನ್ನೂರು ಉಳಿಸಲು ಹೋಗಿ ವಾರಂಟಿ ಕಳೆದುಕೊಳ್ಳಬಾರದು. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಸಾವಿರದ ಆಸುಪಾಸಿನಿಂದ ಮೂರು ನಾಲ್ಕು ಸಾವಿರದೊಳಗೆ ಮನೆಗೆ ಸಾಕಾಗುವಂಥದ್ದು ಸಿಗುತ್ತದೆ.

ಕೂರಿಸುವ ಕೆಲಸ

ಬೇಕಾದ ಸಾಮಾನು: ಡ್ರಿಲ್ಲಿಂಗ್ ಮೆಷಿನ್, 54 ಮಿ.ಮೀ. ಹೋಲ್ ಸಾ, 25 ಮಿ.ಮೀ. ಚಪ್ಪಟೆ ಬಿಟ್, ಸ್ಕ್ರೂ ತೂತಿಗೆ ಸಣ್ಣ ಬಿಟ್, ಚೂಪಾದ ಉಳಿ, ಕೊಡತಿ, ಮೂಲೆಮಟ್ಟ, ಟೇಪು, ಪೆನ್ಸಿಲ್. ಕೆಲವು ಲಾಕಿಗೆ ತೂತಿನ ಅಳತೆ ಬೇರೆ ಇರುತ್ತದೆ. ಹಾಗಾಗಿ ಪ್ಯಾಕೆಟ್ಟಿನೊಳಗಿನ ಕಾಗದದ ನಕ್ಷೆಯಲ್ಲಿ ಏನಿದೆಯೋ ಅದೇ ಕೊನೆ ಮಾತು. ಆ ಕಾಗದ ಬಿಸಾಡಿ ಅಂದಾಜಿನಲ್ಲಿ ತೂತು ಹೊಡೆಯುವ ಆಚಾರಿಗಳೂ ಇದ್ದಾರೆ, ಮಾರಾಯ್ರೆ. ಪಕ್ಕದಲ್ಲಿ ನಿಂತು ನೋಡುವುದು ಕ್ಷೇಮ.

ಎತ್ತರ ನೆಲದಿಂದ ಮೂರೂವರೆ ನಾಲ್ಕು ಅಡಿ, ಈಗಿರುವ ಹ್ಯಾಂಡಲಿಗಿಂತ ಅರ್ಧ ಅಡಿಯಾದರೂ ಮೇಲೆ. ಪ್ಯಾನೆಲ್ ಬಾಗಿಲಿನಲ್ಲಿ ನಡುವಿನ ಅಡ್ಡಪಟ್ಟಿ ಬಂದು ನಿಲುವು ಪಟ್ಟಿಯೊಳಗೆ ಸೇರುವ ಜೋಡಣೆಯ ಮೇಲೆ ತೂತು ಬೀಳಬಾರದು. ಬಾಗಿಲನ್ನು ಹಿಡಿದು ನಿಲ್ಲಿಸಿರುವುದೇ ಆ ಜೋಡಣೆ, ಅದನ್ನು ಕೊರೆದರೆ ಬಾಗಿಲೇ ಸಡಿಲ ಆಗ್ತದೆ. ಅದರಿಂದ ಸ್ವಲ್ಪ ಮೇಲೆ ಹೋಗಬೇಕು.

ಬಾಗಿಲು ಅಲುಗದ ಹಾಗೆ ಕೆಳಗೆ ಎರಡೂ ಕಡೆ ಮರದ ಬೆಣೆ ಕೊಡಿ. ನಕ್ಷೆಯನ್ನು ಅಂಚಿಗೆ ಮಡಚಿ ಅಂಟಿಸಿ, ದೊಡ್ಡ ತೂತಿನ ಮಧ್ಯ ಮತ್ತು ಅಂಚಿನ ತೂತಿನ ಮಧ್ಯ ಎರಡನ್ನೂ ಮೊಳೆ ತುದಿಯಿಂದ ಚುಚ್ಚಿ ಗುರುತು ಮಾಡಬೇಕು. ಅಂಚಿನ ಗುರುತು ಬಾಗಿಲ ದಪ್ಪದ ಸರಿ ಅರ್ಧದಲ್ಲಿ ಇರಬೇಕು, ಮೂಲೆಮಟ್ಟ ಇಟ್ಟು ಎರಡು ಸಲ ನೋಡಿ.

ಮೊದಲು ದೊಡ್ಡ ತೂತು. ಹೋಲ್ ಸಾದ ನಡುವಿನ ಸಣ್ಣ ಬಿಟ್ ಆಚೆ ಬದಿಗೆ ತುದಿ ತೋರಿಸಿದ ಕೂಡಲೇ ನಿಲ್ಲಿಸಬೇಕು. ಮಿಕ್ಕಿದ್ದನ್ನು ಆಚೆ ಬದಿಯಿಂದ ಕೊರೆಯಬೇಕು. ಒಂದೇ ಬದಿಯಿಂದ ಪೂರ್ತಿ ಕೊರೆದರೆ ಆಚೆ ಬದಿಯ ಮರ ಸಿಬಿರೆದ್ದು ಹಾಳಾಗುತ್ತದೆ, ಬಿಲ್ಲೆಯೂ ಅದನ್ನು ಮುಚ್ಚುವುದಿಲ್ಲ. ಹಳೆಯ ತೇಗ, ಒಣಗಿದ ಬೇವು ಎರಡೂ ಗಟ್ಟಿ. ಮೆಷಿನನ್ನು ಒತ್ತಿ ಹಿಡಿಯಬಾರದು, ನಡು ನಡುವೆ ಹೊರಗೆ ತೆಗೆದು ಪುಡಿ ಉದುರಿಸಬೇಕು. ಹೊಗೆ ವಾಸನೆ ಬಂತೆಂದರೆ ಹಲ್ಲು ಸುಡ್ತಾ ಇದೆ ಎಂದರ್ಥ.

ಆಮೇಲೆ ಅಂಚಿನಿಂದ 25 ಮಿ.ಮೀ. ತೂತು. ಇದು ಹೋಗಿ ದೊಡ್ಡ ತೂತಿಗೆ ಸೇರುತ್ತದೆ. ಇಡೀ ಕೆಲಸದಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಮೆಷಿನ್ ಸ್ವಲ್ಪ ಓರೆಯಾದರೂ ನಾಲಗೆ ಓರೆಯಾಗಿ ಕೂತು ಉಜ್ಜುತ್ತದೆ. ಬಡಗಿಗಳ ಒಂದು ಉಪಾಯ ಇದೆ. ಬಿಟ್ಟಿನ ಕಡ್ಡಿಗೆ ಸಡಿಲವಾದ ಒಂದು ವಾಷರ್ ಹಾಕಿ ಬಿಡುತ್ತಾರೆ. ಮೆಷಿನ್ ಮಟ್ಟವಾಗಿದ್ದರೆ ವಾಷರ್ ಇದ್ದಲ್ಲೇ ತಿರುಗುತ್ತದೆ, ಓರೆಯಾದರೆ ಮುಂದಕ್ಕೋ ಹಿಂದಕ್ಕೋ ಜಾರುತ್ತದೆ. ಎಡ ಬಲ ಓರೆಯಾಗದಂತೆ ಮೇಲಿನಿಂದ ನೋಡಿ ಹೇಳಲು ಮನೆಯವರು ಯಾರಾದರೂ ನಿಂತರೆ ಸಾಕು.

ನಾಲಗೆಯ ಭಾಗವನ್ನು ಅಂಚಿನಿಂದ ತೂರಿಸಿ, ಅದರ ಮುಖದ ಪಟ್ಟಿಯ ಸುತ್ತ ಚೂಪಾದ ಚಾಕುವಿನಿಂದ ಗೆರೆ ಎಳೆಯಬೇಕು. ಗೆರೆಯ ಒಳಗೆ ಉಳಿಯಿಂದ ಸುಮಾರು 3 ಮಿ.ಮೀ. ಆಳ ಕೆತ್ತಿದರೆ ಪಟ್ಟಿ ಮರದ ಮಟ್ಟಕ್ಕೆ ಕೂರುತ್ತದೆ. ಉಬ್ಬಿ ನಿಂತರೆ ಬಾಗಿಲು ಮುಚ್ಚುವಾಗ ತಾಗುತ್ತದೆ, ತೀರಾ ಒಳಗೆ ಹೋದರೆ ನಾಲಗೆ ಅಷ್ಟು ಗಿಡ್ಡವಾದ ಹಾಗೆ. ಹೆಚ್ಚು ಕೆತ್ತಿದ್ದರೆ ದಪ್ಪ ಕಾಗದ ಮಡಚಿ ಅಡಿಗೆ ಇಟ್ಟರೆ ಸರಿಯಾಗ್ತದೆ.

ನಾಲಗೆಯನ್ನು ಒಳಗೆ ಎಳೆದುಕೊಂಡ ಸ್ಥಿತಿಯಲ್ಲೇ ಹೊರಗಿನ ಸಿಲಿಂಡರನ್ನು ತೂರಿಸಬೇಕು. ಅದರ ಚಪ್ಪಟೆ ಪಟ್ಟಿ ನಾಲಗೆಯ ನಡುವಿನ ಸೀಳಿನ ಮೂಲಕ ಒಳಕ್ಕೆ ಬರುತ್ತದೆ. ಒಳಗಿನಿಂದ ತಿರುಗಣೆಯ ಬಿಲ್ಲೆ ಇಟ್ಟು ಎರಡು ಉದ್ದ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಸಿಲಿಂಡರ್ ಓರೆಯಾಗಿ ಕೀಲಿಕೈ ಗಟ್ಟಿಯಾಗುತ್ತದೆ. ಈಗ ಬಾಗಿಲು ತೆರೆದೇ ಇಟ್ಟು ಕೀಲಿಕೈ ಹಾಕಿ ಹತ್ತು ಸಲ ತಿರುಗಿಸಿ ನೋಡಿ. ಬಾಗಿಲು ಮುಚ್ಚಿ ಮೊದಲ ಪರೀಕ್ಷೆ ಮಾಡಿದವರು ಮನೆಯ ಹೊರಗೇ ಉಳಿದದ್ದುಂಟು.

ಸುರುಮದ ಗುರುತು

ಉಳಿದದ್ದು ಚೌಕಟ್ಟಿನ ಕೆಲಸ. ನಾಲಗೆ ಎಲ್ಲಿ ತಾಗುತ್ತದೆ ಎಂದು ಟೇಪಿನಿಂದ ಅಳೆಯುವುದಕ್ಕಿಂತ ಸುಲಭದ ದಾರಿ ಮನೆಯೊಳಗೇ ಇದೆ. ನಾಲಗೆಯ ತುದಿಗೆ ಸುರುಮವೋ ಕಾಡಿಗೆಯೋ ಹಚ್ಚಿ, ಬಾಗಿಲು ಮುಚ್ಚಿ, ಒಳಗಿನಿಂದ ತಿರುಗಣೆಯನ್ನು ಚೌಕಟ್ಟಿಗೆ ತಾಗುವ ತನಕ ತಿರುಗಿಸಿದರೆ ಸರಿಯಾದ ಜಾಗದಲ್ಲಿ ಕಪ್ಪು ಗುರುತು ಬೀಳುತ್ತದೆ. ಆ ಗುರುತಿನ ನಡುವಿಗೆ 25 ಮಿ.ಮೀ. ತೂತು ಕೊರೆಯಬೇಕು.

ಆಳ 30 ಮಿ.ಮೀ. ಇರಲಿ. ನಾಲಗೆ 25 ಮಿ.ಮೀ. ಪೂರ್ತಿ ಹೊರಗೆ ಬಂದರೆ ಮಾತ್ರ ಒಳಗಿನ ಕೊಕ್ಕೆ ಬಿದ್ದು ಅದು 'ಸತ್ತು' ಕೂರುತ್ತದೆ. ತೂತಿನ ಆಳ ಸಾಲದೆ 20ಕ್ಕೇ ನಿಂತರೆ ಕೀಲಿಕೈ ಪೂರ್ತಿ ತಿರುಗಿದ ಹಾಗೆ ಕಾಣಬಹುದು, ಆದರೆ ತುದಿ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಮೂರು ಸಾವಿರದ ಲಾಕು ಅರ್ಧ ಸೆಂಟಿಮೀಟರ್ ಮರ ಕೊರೆಯದ ಸೋಮಾರಿತನಕ್ಕೆ ಚಿಲಕವಾಗಿ ಬಿಡುತ್ತದೆ. ತೂತಿನೊಳಗೆ ನೋಡಿ ಯಾರೂ ಪತ್ತೆ ಹಚ್ಚುವುದಿಲ್ಲವಾದ್ದರಿಂದ ಈ ತಪ್ಪು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಗೊತ್ತುಮಾಡಲು ಒಂದೇ ದಾರಿ: ಬಾಗಿಲು ತೆರೆದಾಗ ಕೀಲಿಕೈ ಎಷ್ಟು ತಿರುಗುತ್ತದೋ ಮುಚ್ಚಿದಾಗಲೂ ಅಷ್ಟೇ ತಿರುಗಬೇಕು, ಕೊನೆಯಲ್ಲಿ ಅದೇ 'ಟಕ್' ಕೈಗೆ ಸಿಗಬೇಕು.

ತೂತಿನ ಬಾಯಿಗೆ ಕಬ್ಬಿಣದ ಪಟ್ಟಿ ಕೂರುತ್ತದೆ. ಸೆಟ್ಟಿನಲ್ಲಿ ಬರುವ ಗಿಡ್ಡ ಸ್ಕ್ರೂ ಬದಿಗಿಟ್ಟು ಎರಡು ಇಂಚಿನ ಸ್ಟೀಲ್ ಸ್ಕ್ರೂ ತನ್ನಿ. ಮೊದಲು ಸಣ್ಣ ಬಿಟ್ಟಿನಿಂದ ದಾರಿ ಮಾಡಿ, ಸ್ಕ್ರೂವಿಗೆ ಸ್ವಲ್ಪ ಸೋಪು ಉಜ್ಜಿ ತಿರುಗಿಸಿದರೆ ಗಟ್ಟಿ ಮರದಲ್ಲೂ ಸಲೀಸು. ಹಿತ್ತಾಳೆ ಸ್ಕ್ರೂ ನೋಡಲು ಚೆಂದ, ತೇಗದಲ್ಲಿ ಅರ್ಧಕ್ಕೇ ತಲೆ ಮುರಿಯುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿ 3 ಮಿ.ಮೀ. ಆಸುಪಾಸಿನಲ್ಲಿ ಇರಬೇಕು. ಅರ್ಧ ಇಂಚು ಸಂದಿ ಇದ್ದರೆ ಒಂದು ಇಂಚಿನ ನಾಲಗೆಯಲ್ಲಿ ಚೌಕಟ್ಟಿಗೆ ಸಿಗುವುದು ಅರ್ಧ ಇಂಚು ಮಾತ್ರ. ಅಲ್ಲಿಗೆ ಮರದ ಪಟ್ಟಿ ಅಂಟಿಸಿ ಸಂದಿ ತುಂಬಬೇಕು.

ಬಿಸಿಲು, ಧೂಳು, ಎಣ್ಣೆ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ, ಕರ್ನೂಲು ಕಡೆ ಅದರ ಐದನೇ ಒಂದು ಪಾಲು ಬಂದರೆ ಹೆಚ್ಚು. ಕರಾವಳಿಯಲ್ಲಿ ಜೂನ್‌ನಲ್ಲಿ ಬಾಗಿಲು ಉಬ್ಬಿ ಮುಚ್ಚದೆ ಹಟ ಮಾಡುವುದು ಎಲ್ಲರಿಗೂ ಗೊತ್ತು. ಆದೋನಿ ಕಡೆ ತೊಂದರೆ ತಿರುಗುಮುರುಗು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಸಂದಿ ಅಗಲವಾಗುತ್ತದೆ. ಬೇಸಿಗೆಯಲ್ಲಿ ಕೂರಿಸಿದ ಲಾಕು ಮಳೆ ಬಂದಾಗ ಸ್ವಲ್ಪ ಗಟ್ಟಿಯಾದರೆ ಗಾಬರಿ ಬೇಡ. ಕಬ್ಬಿಣದ ಪಟ್ಟಿಯ ಬಾಯಿಯನ್ನು ಅರದಿಂದ ಒಂದು ನೂಲಿನಷ್ಟು ಉಜ್ಜಿದರೆ ಸಾಕು. ಬಾಗಿಲಿನ ಮೇಲಂಚು, ಕೆಳಂಚು ಮತ್ತು ಹೊಸದಾಗಿ ಕೊರೆದ ತೂತಿನ ಒಳಮೈಗೆ ವಾರ್ನಿಷ್ ಹಚ್ಚಿದರೆ ಈ ಉಬ್ಬುವುದು ಕುಗ್ಗುವುದು ಕಮ್ಮಿ.

ಇನ್ನೊಂದು ವೈರಿ ಧೂಳು. ಎರೆ ಭೂಮಿಯ ಕಪ್ಪು ಧೂಳು, ಜಿನ್ನಿಂಗ್ ಮಿಲ್ಲುಗಳ ಸುತ್ತಮುತ್ತ ಹತ್ತಿಯ ನವಿರು ಎಳೆ, ಎರಡೂ ಕೀಲಿಕೈಯ ಸೀಳಿನೊಳಗೆ ಹೋಗುತ್ತವೆ. ಕೀಲಿಕೈ ಗಟ್ಟಿಯಾದ ಕೂಡಲೇ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಎರಡು ಹನಿ ಬಿಡುವ ಅಭ್ಯಾಸ ಎಲ್ಲ ಕಡೆ ಇದೆ. ಒಂದು ವಾರ ಹಾಯಾಗಿ ತಿರುಗುತ್ತದೆ, ಆಮೇಲೆ ಎಣ್ಣೆ ಧೂಳು ಸೇರಿ ಒಳಗೆ ಅಂಟಾಗಿ ಪಿನ್ನುಗಳು ಮೇಲೇಳುವುದೇ ಇಲ್ಲ. ಬೇಕಾದದ್ದು ಒಣ ಗ್ರಾಫೈಟ್ ಪುಡಿ. ಸಿಗದಿದ್ದರೆ ಪೆನ್ಸಿಲಿನ ಸೀಸವನ್ನು ಕೀಲಿಕೈಯ ಎರಡೂ ಬದಿಗೆ ಚೆನ್ನಾಗಿ ಉಜ್ಜಿ ನಾಲ್ಕೈದು ಸಲ ಒಳಗೆ ಹೊರಗೆ ಮಾಡಿ. ಪೆನ್ಸಿಲ್ ಸೀಸ ಎಂದರೆ ಗ್ರಾಫೈಟೇ.

ಒಳಗಿನಿಂದ ಕೀಲಿಕೈ ಬೇಡ

ಎರಡೂ ಕಡೆ ಕೀಲಿಕೈ ಬೇಕಾಗುವ ಡೆಡ್‌ಬೋಲ್ಟೂ ಮಾರುತ್ತಾರೆ. 'ಡಬಲ್ ಸೇಫ್ಟಿ' ಎಂದು ಅಂಗಡಿಯವರು ಹೇಳಿದರೂ ವಾಸದ ಮನೆಗೆ ಅದನ್ನು ತರಬಾರದು. ರಾತ್ರಿ ಸಿಲಿಂಡರಿಗೆ ಬೆಂಕಿ ಹಿಡಿದಾಗ, ಕರೆಂಟು ಹೋದ ಕತ್ತಲಲ್ಲಿ, ಮನೆಯವರು ಕೀಲಿಕೈ ಹುಡುಕುತ್ತಾ ನಿಲ್ಲುವ ಪರಿಸ್ಥಿತಿ ಯಾರಿಗೂ ಬೇಡ. ಒಳಗೆ ಕೈಯಿಂದ ತಿರುಗಿಸುವ ತಿರುಗಣೆಯೇ ಇರಲಿ. ಬಾಗಿಲಿಗೆ ಗಾಜು ಇದ್ದರೆ ಮಾತ್ರ ಗಾಜು ಒಡೆದು ಕೈ ಹಾಕಿ ತಿರುಗಿಸುವ ಭಯ ಇದೆ. ಅದಕ್ಕೆ ಗಾಜಿನ ಹಿಂದೆ ಕಬ್ಬಿಣದ ಜಾಲರಿ ಹಾಕುವುದು ಪರಿಹಾರ.

ಸುಗ್ಗಿಗೆ ಹೋಗುವವರು ಎಷ್ಟೋ ಸಲ ವಯಸ್ಸಾದ ತಂದೆತಾಯಿಯನ್ನು ಊರಲ್ಲೇ ಬಿಟ್ಟು ಹೋಗುತ್ತಾರೆ. ನಡುಗುವ ಕೈಗೆ ತಿರುಗುವಷ್ಟು ಸಲೀಸಾಗಿ ಲಾಕ್ ಇದೆಯಾ ಎಂದು ಹೊರಡುವ ಮುಂಚೆ ಅವರ ಕೈಯಿಂದಲೇ ತಿರುಗಿಸಿ ನೋಡಬೇಕು. ಹೊರಗಿನಿಂದ ಬೀಗ ಹಾಕಿ ಹಿರಿಯರನ್ನು, ಅಂಗಡಿಯೊಳಗೆ ಮಲಗುವ ಕೆಲಸದ ಹುಡುಗರನ್ನು ಒಳಗೆ ಬಿಡುವುದು ಯಾವ ಕಾರಣಕ್ಕೂ ಸರಿಯಲ್ಲ.

ಕೀಲಿಕೈ ಎಷ್ಟಿವೆ ಎನ್ನುವ ಲೆಕ್ಕ ಇಡಿ. ಸೆಟ್ಟಿನಲ್ಲಿ ಮೂರು ಬಂದಿದ್ದರೆ ಬಡಗಿ ಕೆಲಸ ಮುಗಿಸಿ ಹೊರಡುವಾಗ ಮೂರೂ ಮನೆಯವರ ಕೈಯಲ್ಲಿ ಇರಬೇಕು. ಬಾಡಿಗೆ ಮನೆಗೆ ಹೊಸದಾಗಿ ಹೋದವರು ಹಿಂದಿನವರ ಕೀಲಿಕೈ ನಂಬದೆ ಸಿಲಿಂಡರ್ ಬದಲಿಸಿಕೊಳ್ಳಿ, ಅದೊಂದನ್ನೇ ಬದಲಿಸಲು ಹೆಚ್ಚಿನ ಲಾಕಿನಲ್ಲಿ ಸಾಧ್ಯ.

ವ್ಯಾಪಾರಸ್ಥರಿಗೆ ಇನ್ನೊಂದು ಸಂಗತಿ. ಅಂಗಡಿಗೂ ಮನೆಗೂ ಕಳವಿನ ವಿಮೆ ಮಾಡಿಸುವವರು ಪಾಲಿಸಿ ಓದಬೇಕು. ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಇದ್ದರೆ ಮಾತ್ರ ಪರಿಹಾರ ಸಿಗುತ್ತದೆ. ಯಾರೋ ನಕಲಿ ಕೀಲಿಕೈ ಹಾಕಿ ಆರಾಮಾಗಿ ತೆರೆದು ಹೋದರೆ ಕ್ಲೇಮು ಕಷ್ಟ. ಎಷ್ಟು ಒಳ್ಳೆಯ ಲಾಕ್ ಹಾಕಿದರೂ ಮೂರು ತಿಂಗಳು ಖಾಲಿ ಇರುವ ಮನೆಯಲ್ಲಿ ಬಂಗಾರ ಇಡುವುದು ಜಾಣತನ ಅಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2022ರ ಜನವರಿ 1ರಿಂದ ಲಾಕರಿನಲ್ಲಿ ಇಟ್ಟದ್ದು ಬ್ಯಾಂಕಿನಲ್ಲಿ ಕಳವು, ಬೆಂಕಿಯಂಥ ಘಟನೆಯಲ್ಲಿ ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಇದೆ.

ಆಂಧ್ರದಲ್ಲಿ ಊರಿಗೆ ಹೋಗುವವರು ಪೊಲೀಸರಿಗೆ ಮೊದಲೇ ತಿಳಿಸಿದರೆ ಖಾಲಿ ಮನೆಯೊಳಗೆ ಕ್ಯಾಮೆರಾ ಇಟ್ಟು ಕಾಯುವ 'ಎಲ್‌ಎಚ್‌ಎಂಎಸ್' ಎನ್ನುವ ವ್ಯವಸ್ಥೆಯನ್ನು ಅಲ್ಲಿಯ ಪೊಲೀಸ್ ಇಲಾಖೆ ತಂದಿದೆ. ಕೌತಾಳಂನ ಖಾದರ್‌ಲಿಂಗ ದರ್ಗಾದ ಉರೂಸಿಗೋ ದೂರದ ಮದುವೆಗೋ ಮನೆಮಂದಿಯೆಲ್ಲ ಹೊರಡುವಾಗ ಹತ್ತಿರದ ಠಾಣೆಯಲ್ಲಿ ಒಮ್ಮೆ ವಿಚಾರಿಸಬಹುದು.

ಡೆಡ್‌ಬೋಲ್ಟ್ ಹಾಕಿಸಿದ ಮೇಲೂ ಹಳೆಯ ಅಭ್ಯಾಸದಿಂದ ಹೊರಗಿನ ಕೊಂಡಿಗೆ ಬೀಗ ಸಿಕ್ಕಿಸಿ ಹೋಗುವವರಿದ್ದಾರೆ. ಹಾಗೆ ಮಾಡಿದರೆ ಇಷ್ಟೆಲ್ಲ ಕೊರೆದದ್ದಕ್ಕೆ ಅರ್ಥವಿಲ್ಲ. ಕೊಂಡಿಯನ್ನೇ ಕಿತ್ತು, ತೂತುಗಳಿಗೆ ಮರದ ಪುಡಿ ಮತ್ತು ಫೆವಿಕಾಲ್ ತುಂಬಿ ಬಣ್ಣ ಹಚ್ಚಿ ಬಿಡಿ. ಪಕ್ಕದ ಮನೆಯ ಅಕ್ಕನಿಗೆ ಹೇಳಿ ದಿನಾ ಬೆಳಿಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸಿದರೆ ಇನ್ನೂ ಒಳ್ಳೆಯದು. ಬಿಡಿ ಕೀಲಿಕೈಯನ್ನೂ ಅವರ ಕೈಗೇ ಕೊಟ್ಟು ಹೋಗಿ, ಹೂವಿನ ಕುಂಡದ ಅಡಿ ಬೇಡ.